ಮೂರು ಕಾಲೇಜು, ಒಂದು ಅಂದಾಜು

ಮೂರು ಕಡೆ ದರ ಕೇಳದೆ ಅಂದಾಜಣ್ಣ ಮನೆಗೆ ಒಂದು ನಲ್ಲಿಯನ್ನೂ ತಂದವನಲ್ಲ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಅಂದಾಜುಪಟ್ಟಿ ಬರೆಯುವುದು ಅವನ ಕೆಲಸ. ಒಂದು ಮನೆಗೆ ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟು, ಎಷ್ಟು ಆಳು ಎಂದು ಅವನು ಬರೆದುಕೊಟ್ಟರೆ ಕೆಲಸ ಮುಗಿದಾಗ ಅಂಗಳದಲ್ಲಿ ಉಳಿಯುವುದು ಒಂದು ಬುಟ್ಟಿ ಇಟ್ಟಿಗೆಚೂರು ಮಾತ್ರ ಎಂದು ಮೇಸ್ತ್ರಿಗಳು ಹೇಳುತ್ತಿದ್ದರು. ಹುಟ್ಟುಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಉಳಿದೆಲ್ಲ ಕಡೆ 'ಅಂದಾಜಣ್ಣ' ಆದದ್ದು ಹಾಗೆ. ನಾಲ್ಕು ವರ್ಷದ ಹಿಂದೆ ಕಟ್ಟುತ್ತಿದ್ದ ಮನೆಯೊಂದರ ಮಹಡಿಯಿಂದ ಬಿದ್ದು ಎಡಗಾಲು ಮುರಿದುಕೊಂಡ. ಎಂಟು ತಿಂಗಳು ಹಾಸಿಗೆ ಹಿಡಿದು ಎದ್ದ ಮೇಲೆ ಮೆಟ್ಟಿಲು ಹತ್ತುವ ಕೆಲಸ ಬಿಟ್ಟು ಮೇಜಿನ ಮುಂದೆ ಕೂತ. ಕಾಲು ಸೊಟ್ಟಗಾಯಿತೇ ಹೊರತು ಲೆಕ್ಕ ನೇರವಾಗಿಯೇ ಇತ್ತು.

ಅವನಿಗೆ ಎರಡು ನಂಬಿಕೆಗಳಿದ್ದವು. ಯಾರು ಯಾವ ಅಂಕಿ ಹೇಳಿದರೂ "ಎಷ್ಟರಲ್ಲಿ?" ಎಂದು ಒಟ್ಟು ಲೆಕ್ಕ ಕೇಳಬೇಕು. ಮತ್ತು ಗುತ್ತಿಗೆದಾರ ಈಗಷ್ಟೇ ಕಟ್ಟಿದ ಮನೆ ತೋರಿಸಿದರೆ ನೋಡಬಾರದು. "ಮದುವೆ ದಿನ ಎಲ್ಲ ಹೆಣ್ಣೂ ಚೆಲುವೇನೇ. ಐದು ವರ್ಷ ಬಿಸಿಲು ಮಳೆ ತಿಂದ ಗೋಡೆ ತೋರ್ಸಿ," ಎನ್ನುತ್ತಿದ್ದ. ಅಲ್ಲಿಗೆ ಹೋಗಿ ಕಿಟಕಿಯ ಕೆಳಗೆ ಕೈಯಾಡಿಸಿ ತೇವ ನೋಡಿ ಬರುತ್ತಿದ್ದ.

ಮಗಳು ಶಾಲೆ ಮುಗಿಸಿ ಕಾಲೇಜಿನ ಮಾತೆತ್ತಿದಾಗ ಅವನು ತೆಗೆದದ್ದೂ ಇದೇ ಅಳತೆಗೋಲು.

ಚರ್ಚಿನವರು ನಡೆಸುವ ಖಾಸಗಿ ಕಾಲೇಜುಗಳು ಸುತ್ತಮುತ್ತ ಮೂರಿದ್ದವು. ಒಂದು ಬೆಟ್ಟದ ಮೇಲಿನದು. ಕಲ್ಲಿನ ಕಟ್ಟಡ, ಬೆಳಗಿನ ಪ್ರಾರ್ಥನೆ ಕಡ್ಡಾಯ, ಹಾಸ್ಟೆಲ್ ಕೂಡ ಕಡ್ಡಾಯ. ಅದರ ಒಂದು ವರ್ಷದ ಖರ್ಚು ಅಂದಾಜಣ್ಣನ ಹನ್ನೊಂದು ತಿಂಗಳ ಸಂಬಳ. ಇನ್ನೊಂದು ಪೇಟೆಯ ಗಡಿಯಾರದ ಕಂಬದ ಪಕ್ಕದ್ದು. ಬಸ್ಸಿನಲ್ಲಿ ಹೋಗಿ ಬರಬಹುದು, ನಾಲ್ಕು ತಿಂಗಳ ಸಂಬಳ ಸಾಕು. ಮೂರನೆಯದು ಸಿಸ್ಟರ್‌ಗಳು ಹುಡುಗಿಯರಿಗೆಂದೇ ನಡೆಸುವುದು. ಎರಡೇ ತಿಂಗಳ ಸಂಬಳ, ಆದರೆ ಕಲಿಸುವ ವಿಷಯಗಳೂ ಎರಡು ಮೂರೇ. ಮಗಳಿಗೆ ಬೇಕಾಗಿದ್ದದ್ದು ಭೂವಿಜ್ಞಾನ. ಅದು ಇದ್ದದ್ದು ಬೆಟ್ಟದ ಮೇಲೆ ಮಾತ್ರ. ಅಂಕ ಚೆನ್ನಾಗಿದ್ದುದರಿಂದ ಸೀಟೂ ಬಂದಿತ್ತು. ತಿಂಗಳ ಕೊನೆಯ ಶುಕ್ರವಾರದೊಳಗೆ ಮೊದಲ ಕಂತು ಕಟ್ಟಬೇಕಿತ್ತು.

"ಕಲ್ಲು ಓದೋಕೆ ಬೆಟ್ಟಕ್ಕೇ ಹೋಗ್ಬೇಕಾ?" ಎಂದ ಅಂದಾಜಣ್ಣ.

"ಕಲ್ಲು ಇರೋದು ಅಲ್ಲೇ ತಾನೇ ಅಪ್ಪ," ಎಂದಳು ಮಗಳು.

ಅವಳಿಗೆ ಈ ಹುಚ್ಚು ಹತ್ತಿದ್ದು ಅಪ್ಪನಿಂದಲೇ. ಚಿಕ್ಕವಳಿದ್ದಾಗ ಅವನ ಜೊತೆ ಕಟ್ಟಡದ ಕೆಲಸ ನೋಡಲು ಹೋಗಿ, ಜಲ್ಲಿರಾಶಿಯಿಂದ ಬಣ್ಣ ಬಣ್ಣದ ಚೂರು ಆರಿಸಿ ಫ್ರಾಕಿನ ಜೇಬು ಹರಿಯುವಷ್ಟು ತುಂಬಿಕೊಂಡು ಬರುತ್ತಿದ್ದಳು. ಬಟ್ಟೆ ಒಗೆಯುವಾಗ ಅವಳ ತಾಯಿಯಿಂದ ಬೈಸಿಕೊಳ್ಳುತ್ತಿದ್ದವನು ಅಂದಾಜಣ್ಣ.

"ಮೂರೂ ನೋಡೋಣ. ನೋಡ್ದೆ ದುಡ್ಡು ಕಟ್ಟೋಕಾಗುತ್ತಾ?"

"ಅಣ್ಣನಿಗೆ ನೋಡಿದ್ರಾ?"

ಮಗನಿಗೆ ಅಂದಾಜಣ್ಣ ನೋಡಿರಲಿಲ್ಲ. ಮನೆ ಕಟ್ಟಿಸಲೆಂದು ಹತ್ತು ವರ್ಷ ಕೂಡಿಟ್ಟು ಕೊಂಡಿದ್ದ ನಿವೇಶನವನ್ನು ಮಾರಿ, ಬಾಡಿಗೆ ಮನೆಯಲ್ಲೇ ಉಳಿದು, ಮಗನನ್ನು ಬೆಟ್ಟದ ಕಾಲೇಜಿಗೆ ಕಳಿಸಿದ್ದ. ಆಗ ಚರ್ಚಿನ ಬಾಗಿಲಲ್ಲಿ ನಾಲ್ಕು ಜನ ಕೈಕುಲುಕಿದ್ದರು. ಮಗ ಓದು ಮುಗಿಸಿ ಈಗ ಐದು ವರ್ಷ. ಮೊದಲ ಹತ್ತು ತಿಂಗಳು ದೂರದ ಬಂದರು ಪಟ್ಟಣದ ಸರಕು ಸಾಗಣೆ ಕಂಪನಿಯಲ್ಲಿದ್ದ. ಆಮೇಲೆ "ಅಲ್ಲಿ ನಂಗೆ ಹೊಂದಲಿಲ್ಲ" ಎಂದು ಬಿಟ್ಟು ಬಂದ. ಆಗ ಅಂದಾಜಣ್ಣನ ಕಾಲು ಪ್ಲಾಸ್ಟರಿನಲ್ಲಿತ್ತು. ಬೈಯಲು ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಅಂದಿನಿಂದ ಮಗ ಕಾರು ಮಾರುವ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಲ್ಲುತ್ತಾನೆ. ಸಂಬಳ ಅಷ್ಟಕ್ಕಷ್ಟೆ, ಕಾರು ಹೋದರೆ ಮೇಲೊಂದಿಷ್ಟು.

ಮೊದಲ ವಾರ ಅಂದಾಜಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನಿಂದ ಫೋನು ಮಾಡಿದ. ಬೆಟ್ಟದ ಕಾಲೇಜಿನವರು, "ನೂರಕ್ಕೆ ತೊಂಬತ್ತೊಂದು ಮಂದಿಗೆ ಕೆಲಸ ಸಿಕ್ಕಿದೆ ಸರ್," ಎಂದರು.

"ನೂರು ಅಂದ್ರೆ ಯಾವ ನೂರು? ಸೇರಿದವರಾ, ಪಾಸಾದವರಾ?"

ಆ ಕಡೆ ಸ್ವಲ್ಪ ಹೊತ್ತು ಕಾಗದದ ಸದ್ದು. "ನಾವು ಕಾಗದ ಬರೆದು ವಿಚಾರಿಸ್ತೀವಿ. ಉತ್ತರ ಬರೆದವರಲ್ಲಿ ತೊಂಬತ್ತೊಂದು."

"ಬರೆಯದೇ ಇದ್ದವರೆಷ್ಟು?"

"ಅದನ್ನ ಇಟ್ಕೊಂಡಿಲ್ಲ ಸರ್."

ಗಡಿಯಾರದ ಕಾಲೇಜಿನವರು ಎಪ್ಪತ್ತೆರಡು ಎಂದರು. ಅದು ಪಾಸಾದವರೆಲ್ಲರ ಲೆಕ್ಕ. ಸಿಸ್ಟರ್‌ಗಳ ಕಾಲೇಜಿನಲ್ಲಿ ಫೋನೆತ್ತಿದ ವಯಸ್ಸಾದ ಸಿಸ್ಟರ್ ಅಂಕಿಯನ್ನೇ ಹೇಳಲಿಲ್ಲ. "ನಮ್ಮ ಹುಡುಗಿಯರು ಯಾರೂ ಸುಮ್ನೆ ಕೂತಿಲ್ಲಪ್ಪ, ದೇವರು ದೊಡ್ಡೋನು," ಎಂದರು.

"ದೇವರು ದೊಡ್ಡೋನು ಅನ್ನೋದನ್ನ ಎಷ್ಟನೇ ಕಾಲಮ್ಮಲ್ಲಿ ಬರ್ಕೊಂಡೆ?" ಎಂದು ರಾತ್ರಿ ಊಟಕ್ಕೆ ಕೂತಾಗ ಅವನ ತಾಯಿ ಕೇಳಿದಳು. ಎಂಬತ್ತರ ಆಸುಪಾಸಿನ ಮುದುಕಿ. ಹಲ್ಲು ಹೋಗಿತ್ತು, ನಾಲಿಗೆ ಹರಿತವಾಗಿಯೇ ಇತ್ತು. "ಮೊಮ್ಮಗಳನ್ನ ಕಾಲೇಜಿಗೆ ಸೇರಿಸ್ತಿದ್ದೀಯೋ, ಗೋಡೆಗೆ ಸುಣ್ಣ ಹೊಡಿಸ್ತಿದ್ದೀಯೋ?"

"ನೀನು ಸುಮ್ನಿರಮ್ಮ. ಎಡವಿದ ಮೇಲೆ ಕಣ್ಣು ಬಿಟ್ರೆ ಏನು ಬಂತು?"

ಅವನ ಹೆಂಡತಿ ಆಲೂಗಡ್ಡೆ ಬಡಿಸುತ್ತಿದ್ದವಳು ಒಂದು ಕ್ಷಣ ಸೌಟು ನಿಲ್ಲಿಸಿ, ಮತ್ತೆ ಬಡಿಸಿದಳು. ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿದು ಅಂಗಡಿಗೆ ಕೊಡುವವಳು. ಮಾತು ಕಡಿಮೆ, ಅವಳ ಪಾಲಿನ ಸದ್ದನ್ನೆಲ್ಲ ಹೊಲಿಗೆ ಯಂತ್ರವೇ ಮಾಡುತ್ತಿತ್ತು.

ಎರಡನೆಯ ಮತ್ತು ಮೂರನೆಯ ವಾರ ಅಪ್ಪ, ಮಗಳು ಮನೆ ಮನೆ ತಿರುಗಿದರು. ಮೂರೂ ಕಾಲೇಜಿನಿಂದ ಐದು ವರ್ಷದ ಹಿಂದೆ ಓದಿ ಹೊರಬಂದವರ ಹೆಸರು, ಫೋನ್ ನಂಬರು ಹುಡುಕಿ ಕೊಟ್ಟವಳು ಮಗಳೇ. ಸತ್ಯ ನೋಡಿದರೆ ಅಪ್ಪ ಒಪ್ಪಿಯೇ ಒಪ್ಪುತ್ತಾನೆ ಎಂಬ ಧೈರ್ಯ ಅವಳಿಗಿತ್ತು. ಅಂದಾಜಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು, ಕುಂಟುತ್ತಾ, ಅಪರಿಚಿತರ ಸೋಫಾಗಳ ತುದಿಯಲ್ಲಿ ಕೂತು ಟೀ ಕುಡಿದ.

"ಅಪ್ಪ, ಸಂಬಳ ಮಾತ್ರ ಕೇಳ್ಬೇಡಿ," ಎಂದು ಮಗಳು ಪ್ರತಿ ಮೆಟ್ಟಿಲಲ್ಲೂ ಗೋಗರೆಯುತ್ತಿದ್ದಳು.

"ಕೇಳ್ದೆ ಹೇಗೆ ಗೊತ್ತಾಗುತ್ತೆ? ಮುಖ ನೋಡಿ ಹೇಳೋಕೆ ನಾನೇನು ಶಾಸ್ತ್ರ ಹೇಳೋನಾ?"

ಗಡಿಯಾರದ ಕಾಲೇಜಿನಲ್ಲಿ ಓದಿ ಬ್ಯಾಂಕಿನಲ್ಲಿದ್ದ ಹುಡುಗನ ಮನೆಯಲ್ಲಿ ಎಡವಟ್ಟಾಯಿತು. ಹುಡುಗನ ಸಂಬಳ, ಸಾಲ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಅಂದಾಜಣ್ಣ ಒಂದೊಂದಾಗಿ ಕೇಳುತ್ತಿದ್ದಂತೆ ಹುಡುಗನ ತಾಯಿ ಒಳಗೆ ಹೋಗಿ ಒಳ್ಳೆಯ ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿಕೊಂಡು ಬಂದಳು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗಿಗೆ ಅಡುಗೆ ಬರುತ್ತಾ?" ಎಂದಳು.

ಹೊರಗೆ ಬಂದ ಮೇಲೆ ಮಗಳು ನಗುತ್ತಾ ಗೋಡೆಗೆ ಒರಗಿಬಿಟ್ಟಳು. "ಇನ್ನೊಂದು ಬಿಸ್ಕತ್ತು ತಿಂದಿದ್ರೆ ನಿಶ್ಚಯ ಆಗ್ಬಿಡ್ತಿತ್ತು ಅಪ್ಪ." ಅಂದಾಜಣ್ಣನೂ ನಕ್ಕ. ಬಸ್ಸಿನ ಹಾದಿಯಲ್ಲಿ ಇಬ್ಬರೂ ಕಡಲೆಕಾಯಿ ತಿಂದರು. ಆ ತಿಂಗಳು ಅವರಿಬ್ಬರೂ ಜೊತೆಯಾಗಿ ನಕ್ಕದ್ದು ಅದೇ ಕೊನೆ.

ಕಂಡದ್ದು ಹೀಗಿತ್ತು. ಬೆಟ್ಟದ ಕಾಲೇಜಿನವನೊಬ್ಬ ಲಿಫ್ಟು ಇರುವ ಮನೆಯಲ್ಲಿದ್ದ. ಮನೆ ಮಾವನದು, ಕೆಲಸ ಅಪ್ಪನ ಅಂಗಡಿಯದು. ಇನ್ನೊಬ್ಬಳು ಅದೇ ಕಾಲೇಜಿನಲ್ಲಿ ವರ್ಷ ವರ್ಷಕ್ಕೆ ಹೊಸ ಕರಾರು ಬರೆದುಕೊಡುವ ಪಾಠದ ಕೆಲಸದಲ್ಲಿದ್ದಳು. ಮೂರನೆಯವನು ಚೆನ್ನಾಗಿಯೇ ಇದ್ದ, ಆದರೆ ಅವನ ತಂದೆ ತಾಯಿ ಇಬ್ಬರೂ ವೈದ್ಯರು. ಗಡಿಯಾರದ ಕಾಲೇಜಿನವರು ಬ್ಯಾಂಕು, ನೀರಿನ ಪರೀಕ್ಷೆಯ ಕೇಂದ್ರ, ಶಾಲೆಯ ಕಚೇರಿ ಎಂದು ಅಲ್ಲಲ್ಲಿ ಗಟ್ಟಿಯಾಗಿ ಕೂತಿದ್ದರು. ಸಿಸ್ಟರ್‌ಗಳ ಹುಡುಗಿಯರು ದುಡಿಯುತ್ತಿದ್ದರು, ದಣಿದಿದ್ದರು.

ಎಲ್ಲರ ಮನೆಯಲ್ಲೂ ಒಂದು ಮಾತನ್ನು ಅಂದಾಜಣ್ಣ ಬಾಯಿ ಬಿಡಲಿಲ್ಲ. ತನ್ನ ಮಗನೂ ಬೆಟ್ಟದ ಕಾಲೇಜಿನಲ್ಲಿ, ಅದೇ ವರ್ಷವೇ ಓದಿದವನು ಎಂಬುದನ್ನು. ಮಗಳು ಅದನ್ನು ಗಮನಿಸಿದ್ದಳು.

ಮಾತು ಒಡೆದದ್ದು ಒಂದು ಗುರುವಾರ ಊಟದ ಹೊತ್ತಿಗೆ. ಕೊನೆಯ ಶುಕ್ರವಾರಕ್ಕೆ ಇನ್ನೊಂದು ವಾರವಿತ್ತು. ಊಟದ ಪ್ರಾರ್ಥನೆ ಮುಗಿದು ತಟ್ಟೆಗೆ ಕೈ ಹಾಕುವ ಮುಂಚೆಯೇ ಅಂದಾಜಣ್ಣ ತೀರ್ಪು ಹೇಳಿದ.

"ಗಡಿಯಾರದ ಕಾಲೇಜು. ರಸಾಯನಶಾಸ್ತ್ರ ತಗೋ. ಆಮೇಲೆ ಬೇಕಾದ್ರೆ ಕಲ್ಲು ಓದ್ಕೋ."

"ಅಪ್ಪ, ನಂಗೆ ಸೀಟು ಬಂದಿದೆ."

"ಬಂದಿದೆ. ಬಂದಿದ್ದಕ್ಕೆಲ್ಲ ದುಡ್ಡು ಸುರಿಯೋಕಾಗುತ್ತಾ? ನೀನೇ ನೋಡಿದ್ಯಲ್ಲ. ಅಲ್ಲಿ ಓದಿ ಮೇಲೆ ಬಂದವರು ಮೊದಲೇ ಮೇಲಿದ್ದವರು. ಅಡಿಪಾಯ ಅವರವರ ಮನೇದು, ಕಾಲೇಜು ಬರೀ ಬಣ್ಣ. ನಮ್ಮಂಥೋರಿಗೆ ಬಣ್ಣಕ್ಕೆ ಮೂರು ಪಟ್ಟು ಕೊಡೋ ಯೋಗ್ಯತೆ ಇಲ್ಲ."

"ಅಣ್ಣನಿಗೆ ಕೊಡೋವಾಗ ಇತ್ತು ಯೋಗ್ಯತೆ. ನನ್ನ ಸರದಿ ಬಂದಾಗ ಲೆಕ್ಕ!"

"ಆಮೆನ್ ಅಂದ ಬಾಯಿ ಇನ್ನೂ ಮುಚ್ಚಿಲ್ಲ," ಎಂದಳು ಮುದುಕಿ. "ಮೀನು ಆರುತ್ತೆ, ತಿನ್ನಿ."

"ಇಲ್ಲ ಅಜ್ಜಿ, ಅಪ್ಪ ಹೇಳ್ಲಿ. ಐದು ವರ್ಷದ ಹಳೇ ಕೆಲಸ ನೋಡ್ಬೇಕು ಅಂತ ಊರೆಲ್ಲ ಸುತ್ತಿಸಿದ್ರಲ್ಲ, ಮನೇಲೇ ಒಬ್ಬ ಇದ್ದಾನೆ. ಅವನನ್ನ ಯಾಕೆ ಕೇಳ್ಲಿಲ್ಲ?"

"ಕೇಳೋದೇನಿದೆ?" ಅಂದಾಜಣ್ಣನ ದನಿ ಏರಿತು. "ಅವನನ್ನ ನೋಡಿಯೇ ಹೇಳ್ತಿರೋದು! ನಿವೇಶನ ಮಾರಿ ಓದ್ಸಿದೆ. ಹತ್ತು ತಿಂಗಳು ನಿಲ್ಲೋಕಾಗ್ಲಿಲ್ಲ ಅವನ ಕೈಲಿ. ಸಿಕ್ಕಿದ ಕೆಲಸ ಬಿಟ್ಟು ಬಂದು ಕಾರಿನ ಬಾಗಿಲು ತೆಗೆದು ಹಾಕಿ ಮಾಡ್ತಿದ್ದಾನೆ. ಆ ತಪ್ಪು ಎರಡು ಸಲ ಮಾಡೋಕೆ ನಂಗೆ ತಲೆ ಕೆಟ್ಟಿಲ್ಲ."

ಮಗ ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆದು, ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಟೈ ಇನ್ನೂ ಕೊರಳಲ್ಲಿತ್ತು. ಅವನು ಟವೆಲನ್ನು ಮೊಳೆಗೆ ನೇತುಹಾಕಿ, ಬಂದು ಕೂತು, ತಟ್ಟೆ ಎಳೆದುಕೊಂಡ.

"ಉಪ್ಪು ಕೊಡಮ್ಮ," ಎಂದ.

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮಗ ತಲೆ ಎತ್ತದೆ, "ಅಮ್ಮ, ಉಪ್ಪು," ಎಂದ ಮತ್ತೊಮ್ಮೆ. ಅವಳು ಉಪ್ಪಿನ ಡಬ್ಬಿ ಅವನ ಮುಂದಿಟ್ಟು ಒಳಗೆ ಹೋದಳು.

ಮರುದಿನದಿಂದ ಮಗ ಎಲ್ಲರದೂ ಆದ ಮೇಲೆ ಊಟಕ್ಕೆ ಕೂರತೊಡಗಿದ. "ಕೆಲಸ ಇತ್ತು," ಎನ್ನುತ್ತಿದ್ದ. ಭಾನುವಾರ ಚರ್ಚಿನಿಂದ ಬಂದವನೇ ಅಪ್ಪನ ಮುಂದೆ ನಿಂತು, "ಪುಟ್ಟಿಗೆ ಬೆಟ್ಟದ ಕಾಲೇಜಿನ ಕಂತು ನಾನು ಕಟ್ತೀನಿ. ಮೊದಲನೇ ವರ್ಷದ್ದು ನನ್ನತ್ರ ಇದೆ. ಆಮೇಲಿಂದು ನೋಡೋಣ," ಎಂದ.

"ನಿನ್ನ ದುಡ್ಡು ನಿನ್ನ ಮದುವೆಗಿಟ್ಕೋ," ಎಂದ ಅಂದಾಜಣ್ಣ. "ಒಂದನೇ ವರ್ಷ ನೀನು ಕಟ್ತೀಯ. ಎರಡನೇ ವರ್ಷ ಕಾರು ಹೋಗ್ದಿದ್ರೆ? ಅರ್ಧ ಎದ್ದ ಗೋಡೆ ಮೇಲೆ ಚಾವಣಿ ಹಾಕೋಕಾಗುತ್ತಾ?"

"ಕಾರು ಹೋಗುತ್ತೆ ಅಪ್ಪ."

"ಹತ್ತು ತಿಂಗಳಿಗೆ ಕೈ ಎತ್ತೋ ಅಭ್ಯಾಸ ಇರೋನ ಮಾತು ನಂಬಿ ಹುಡುಗೀನ ಹಾಸ್ಟೆಲಿಗೆ ಹಾಕ್ಲಾ?"

ಮಗ ಹೊರಟುಹೋದ. ಶುಕ್ರವಾರ ಅಂದಾಜಣ್ಣ ಅರ್ಧ ದಿನ ರಜೆ ಹಾಕಿ ಗಡಿಯಾರದ ಕಾಲೇಜಿಗೆ ಹೋಗಿ ಮಗಳ ಫೀಸು ಕಟ್ಟಿದ. ರಸೀದಿ ತಂದು ಮೇಜಿನ ಮೇಲಿಟ್ಟ. ಮಗಳು ನೋಡಿದಳು, ಮುಟ್ಟಲಿಲ್ಲ. "ಆಯ್ತು," ಎಂದು ಹೇಳಿ ತಾಯಿಯ ಜೊತೆ ಪರದೆಗೆ ಕೊಕ್ಕೆ ಹೊಲಿಯಲು ಕೂತಳು. ಜಗಳವಾಡಿದ್ದರೆ ಅಂದಾಜಣ್ಣನಿಗೆ ಸಮಾಧಾನವಾಗುತ್ತಿತ್ತು.

ಹೆಸರುಗಳಲ್ಲಿ ಒಂದು ಉಳಿದಿತ್ತು. ಬೆಟ್ಟದ ಕಾಲೇಜಿನಲ್ಲಿ ಓದಿದ ಹುಡುಗಿ. ಕಂಪನಿಯ ಕೆಲಸದ ಮೇಲೆ ಹೊರಗೆ ಹೋಗಿದ್ದವಳು ಮುಂದಿನ ಮಂಗಳವಾರ ಬನ್ನಿ ಎಂದಿದ್ದಳು. ಈಗ ಹೋಗುವ ಅಗತ್ಯವಿರಲಿಲ್ಲ. ಮಗಳು ಬರಲು ಒಪ್ಪಲೂ ಇಲ್ಲ. ಆದರೆ ಬರುತ್ತೇನೆಂದು ಹೇಳಿ ಹೋಗದಿರುವುದು ಅಂದಾಜಣ್ಣನಿಗೆ ಬಾರದ ವಿದ್ಯೆ. ಒಬ್ಬನೇ ಹೋದ.

ಅದು ಸರಕು ಸಾಗಣೆ ಕಂಪನಿಯೊಂದರ ಹೊಸ ಶಾಖೆ. ಹುಡುಗಿ ಶಾಖೆಗೇ ಮುಖ್ಯಸ್ಥೆ. ಗಾಜಿನ ಕೋಣೆ, ಹೊರಗೆ ಹತ್ತು ಹನ್ನೆರಡು ಜನ. ಅವನು ಕುಂಟುತ್ತಾ ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತಳು. ಅವನು ಇನ್ನೂ ಯಾರೆಂದು ಹೇಳಿರಲಿಲ್ಲ.

"ಕಾಲು ಹೇಗಿದೆ ಅಂಕಲ್?" ಎಂದಳು.

ಅಂದಾಜಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತ. "ನಿಮಗೆ ನನ್ನ ಕಾಲು..."

"ಫೋನಲ್ಲಿ ಹೆಸರು ಹೇಳಿದ್ರಲ್ಲ, ಆಗಲೇ ಅನ್ನಿಸ್ತು. ಈಗ ಮೂಗು ನೋಡಿದ ಮೇಲೆ ಅನುಮಾನವೇ ಇಲ್ಲ. ನಾನೂ ನಿಮ್ಮ ಮಗನೂ ಒಂದೇ ಬೆಂಚು. ಕೂತ್ಕೊಳ್ಳಿ. ಅವನು ಹೇಗಿದ್ದಾನೆ?"

"ಇದ್ದಾನೆ," ಎಂದ.

"ನಮ್ಮ ವರ್ಷದಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಸಿಕ್ಕಿದ್ದು ಅವನಿಗೇ, ಗೊತ್ತಾ? ಇದೇ ಕಂಪನಿ. ಆರು ತಿಂಗಳಿಗೇ ಬಡ್ತಿ ಕೊಟ್ಟಿದ್ರು. ನಿಮಗೆ ಹಾಗಾಯ್ತಲ್ಲ, ಆಗ ಬಿಟ್ಟ. ಮ್ಯಾನೇಜರು ಎಷ್ಟು ಹೇಳಿದ್ರು, ಮೂರು ತಿಂಗಳು ರಜೆ ತಗೋ ಅಂತ. ಮೂರು ತಿಂಗಳಿಗೆ ಏಳೋ ಹಾಗಿಲ್ಲ ನಮ್ಮಪ್ಪ, ಮನೇಲಿ ದುಡಿಯೋರಿಲ್ಲ ಅಂದ. ಹೋಗೋವಾಗ ನನ್ನ ಹೆಸರು ಹೇಳಿ ಹೋದ. ನಂಗೆ ಓದು ಮುಗಿದಾಗಿಂದ ಕೆಲಸ ಇರ್ಲಿಲ್ಲ ಅಂಕಲ್. ಇದು ಅವನು ಬಿಟ್ಟುಕೊಟ್ಟ ಕುರ್ಚಿ."

ಟೀ ಬಂತು. ಅಂದಾಜಣ್ಣ ಲೋಟ ಹಿಡಿದುಕೊಂಡು ಕೂತ. ಸಂಬಳ ಎಷ್ಟು ಎಂದು ಕೇಳಲಿಲ್ಲ. ಹುಡುಗಿ ತಾನಾಗಿಯೇ ಕಾಲೇಜಿನ ಬಗ್ಗೆ, ಅಲ್ಲಿನ ಮೇಷ್ಟ್ರುಗಳ ಬಗ್ಗೆ ಹೇಳಿದಳು. ಭೂವಿಜ್ಞಾನದಲ್ಲಿ ಹದಿನೈದೇ ಮಂದಿ, ವರ್ಷಕ್ಕೆರಡು ಸಲ ಗಣಿಗಳಿಗೆ ಕರೆದುಕೊಂಡು ಹೋಗುತ್ತಾರೆ ಎಂದಳು. "ತಂಗಿ ಅಲ್ಲಿಗೇ ಸೇರ್ಲಿ ಅಂಕಲ್. ಅವನ ತಂಗಿ ಅಂದ್ರೆ ಯೋಚನೆ ಮಾಡೋ ಹಾಗೇ ಇಲ್ಲ."

ಅವನು ಮನೆಗೆ ಬಂದಾಗ ಹೆಂಡತಿ ದೊಡ್ಡದೊಂದು ಹಸಿರು ಪರದೆಗೆ ಅಂಚು ಹೊಡೆಯುತ್ತಿದ್ದಳು. ತಾಯಿ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅವನು ಚಪ್ಪಲಿ ಬಿಡದೆ ನಿಂತೇ ಕೇಳಿದ.

"ಅವನು ಕೆಲಸ ಬಿಟ್ಟದ್ದು ಯಾಕೆ?"

ಯಂತ್ರ ನಿಂತಿತು.

"ಯಾರು ಹೇಳಿದ್ರು ನಿಮಗೆ?"

"ನಿಂಗೆ ಗೊತ್ತಿತ್ತಾ?"

"ನಾನೇ ಅಲ್ವಾ ಫೋನು ಮಾಡಿದ್ದು. ಆಸ್ಪತ್ರೆಯಿಂದ."

"ನಾಲ್ಕು ವರ್ಷ! ನಾಲ್ಕು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ ನೀನು!"

"ಅವನು ಬೇಡ ಅಂದ. ತನ್ನಿಂದ ನಾನು ಕೆಲಸ ಬಿಟ್ಟೆ ಅಂತ ಗೊತ್ತಾದ್ರೆ ಅಪ್ಪ ಹಾಸಿಗೆ ಬಿಟ್ಟು ಏಳಲ್ಲ ಅಂದ. ಎದ್ದ ಮೇಲೆ ಹೇಳೋಣ ಅಂದ್ಕೊಂಡೆ. ನೀವು ಎದ್ದಿರಿ. ಕೋಲು ಹಿಡಿದ್ರಿ, ಕೋಲು ಬಿಟ್ರಿ, ಆಫೀಸಿಗೆ ಹೋದ್ರಿ. ಅವತ್ತಿನಿಂದ ಇವತ್ತಿನವರೆಗೆ ಅವನನ್ನ ಕೂರಿಸ್ಕೊಂಡು, ಯಾಕಪ್ಪ ಬಿಟ್ಟು ಬಂದೆ ಅಂತ ಕೇಳಿದ್ರಾ?" ಅವಳು ದನಿ ಏರಿಸಲಿಲ್ಲ. "ಊರವರನ್ನೆಲ್ಲ ಕೇಳ್ತೀರಿ."

"ಹೊಂದಲಿಲ್ಲ ಅಂದಿದ್ದ."

"ಎಷ್ಟರಲ್ಲಿ ಹೊಂದಲಿಲ್ಲ ಅಂತ ಕೇಳ್ಬೇಕಿತ್ತು," ಎಂದಳು ಮುದುಕಿ ಬಟಾಣಿಯಿಂದ ಕಣ್ಣೆತ್ತದೆ.

ಅಂದಾಜಣ್ಣ ಕೂತ. ಯಾರಿಗೂ ಅಲ್ಲವೆಂಬಂತೆ, "ಗೋಡೆ ಬಿರುಕು ಬಿಟ್ರೆ ಮೊದಲು ಮೇಲೆ ಹತ್ತಿ ನೋಡ್ಬೇಕು. ಮಾಲೀಕ ನಕ್ಷೇಲಿಲ್ಲದ ನೀರಿನ ಟ್ಯಾಂಕು ತಂದು ಇಟ್ಟಿರ್ತಾನೆ. ಕಟ್ಟಿದವನನ್ನ ಬೈಯೋದಲ್ಲ," ಎಂದ.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೋದವನೇ ಬೆಟ್ಟದ ಕಾಲೇಜಿಗೆ ಫೋನು ಮಾಡಿದ. ಅದೇ ದನಿ.

"ಆ ಸೀಟು ಶನಿವಾರವೇ ಹೋಯ್ತು ಸರ್. ಕಾಯ್ತಾ ಇದ್ದವರಿಗೆ ಕೊಟ್ವಿ."

"ಇನ್ನೊಂದು ಹಾಕೋಕಾಗಲ್ವಾ? ಫೀಸು ಪೂರ್ತಿ ಇವತ್ತೇ ಕಟ್ತೀನಿ."

"ಹದಿನೈದೇ ಸೀಟು ಸರ್. ಮೈಕ್ರೋಸ್ಕೋಪು ಇರೋದೂ ಹದಿನೈದೇ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ, ಆದ್ರೆ ಆ ವರ್ಷ ಪಾಸಾದವರಿಗೇ ಮೊದಲು."

ಈ ಅಂಕಿಯಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ಮಗಳಿಗೆ ಹೇಳಿದಾಗ ಅವಳು ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸೀಟಿನ ಮಾತು, ಅಣ್ಣನ ಮಾತು ಎಲ್ಲ ಕೇಳಿಸಿಕೊಂಡಳು. ಒಂದು ಹಾಸಿಗೆ ಬಟ್ಟೆಯನ್ನು ನೀರು ಪೂರ್ತಿ ಇಳಿಯುವ ತನಕ ಹಿಂಡಿದಳು.

"ಸೀಟು ಹೋಗ್ಲಿ ಅಪ್ಪ. ಹೋಗಿದ್ದು ಹೋಯ್ತು. ಅವತ್ತು ಅವನ ಮುಂದೆ... ಮನೇಲೇ ಒಬ್ಬ ಇದ್ದಾನೆ ಅಂದೆನಲ್ಲ ನಾನು. ಹಳೇ ಕೆಲಸ ಅಂದೆ. ಅವನ ಮುಖ ಹೇಗೆ ನೋಡ್ಲಿ?"

"ಅಂದಿದ್ದು ನಾನು ಕಣೇ."

"ಇಬ್ಬರೂ ಅಂದ್ವಿ."

ಮಗನ ಹತ್ತಿರ ಮಾತಾಡಲು ಅಂದಾಜಣ್ಣ ಎರಡು ಭಾನುವಾರ ತೆಗೆದುಕೊಂಡ. ಮೊದಲ ಭಾನುವಾರ ಮಗ ಬೆಳಿಗ್ಗೆಯೇ ಹೊರಟುಹೋಗಿದ್ದ. ಎರಡನೆಯ ಭಾನುವಾರ ಮನೆಯ ಮುಂದೆ ತನ್ನ ಹಳೆಯ ಬೈಕು ತೊಳೆಯುತ್ತಿದ್ದ. ಅಂದಾಜಣ್ಣ ಹೋಗಿ ಬಕೆಟ್ಟಿನ ಪಕ್ಕ ನಿಂತ.

"ಆ ಹುಡುಗೀನ ನೋಡ್ದೆ ಕಣೋ."

"ಗೊತ್ತು. ಫೋನು ಮಾಡಿದ್ಲು."

"ನಂಗೆ ಗೊತ್ತಿರ್ಲಿಲ್ಲ."

"ಗೊತ್ತಾಗ್ಬಾರ್ದು ಅಂತಲೇ ಅಲ್ವಾ." ಮಗ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ. "ಅಪ್ಪ, ಸ್ವಲ್ಪ ಆ ಕಡೆ ನಿಲ್ಲಿ. ಕಾಲು ನೆನೆಯುತ್ತೆ."

ಅಂದಾಜಣ್ಣ ಆ ಕಡೆ ನಿಂತ. ಹೇಳಬೇಕೆಂದುಕೊಂಡು ಬಂದ ಮಾತು ಮತ್ತೆ ನಾಲಿಗೆಗೆ ಬರಲಿಲ್ಲ. ಸಿಮೆಂಟು ಕಲಸಿಟ್ಟು ಹೊತ್ತು ಕಳೆದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ.

ಮಗಳು ಗಡಿಯಾರದ ಕಾಲೇಜಿಗೆ ಹೋಗತೊಡಗಿದಳು. ಮೊದಲ ದಿನ ಅಣ್ಣನೇ ಬೈಕಿನಲ್ಲಿ ಬಿಟ್ಟು ಬಂದ. ಹಾದಿಯಲ್ಲಿ ಇಬ್ಬರೂ ಏನು ಮಾತಾಡಿದರೋ ಯಾರಿಗೂ ತಿಳಿಯದು. ಆ ಸಂಜೆಯಿಂದ ಅವನ ಊಟದ ಹೊತ್ತಿಗೆ ಅವಳೂ ಕಾದು ಕೂರತೊಡಗಿದಳು. ಹೀಗೆ ಮನೆಯಲ್ಲಿ ಎರಡು ಪಂಕ್ತಿಯಾಯಿತು. ಹಿರಿಯರದು ಮೊದಲು, ಮಕ್ಕಳದು ಆಮೇಲೆ.

ಅಂದಾಜಣ್ಣ ಕಾಲೇಜುಗಳನ್ನು ತೂಗಿ ನೋಡಿದ ಸುದ್ದಿ ಅಷ್ಟರಲ್ಲಿ ಚರ್ಚಿನಲ್ಲೆಲ್ಲ ಹಬ್ಬಿತ್ತು. ಎರಡು ಬೀದಿ ಆಚೆ ಬೇಕರಿ ಇಟ್ಟಿದ್ದವನು ಒಂದು ಸಂಜೆ ಬಂದ. ಅವನ ಮಗಳು ಮುಂದಿನ ವರ್ಷ ಶಾಲೆ ಮುಗಿಸುವವಳಿದ್ದಳು. ಮಗ ಅಂದು ಬೇಗ ಬಂದಿದ್ದ. ಮೂಲೆಯಲ್ಲಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ. ಮಗಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ನೀವು ಮನೆ ಮನೆಗೆ ಹೋಗಿ ನೋಡಿ ಬಂದೋರು ಅಂದಾಜಣ್ಣ. ನಂಗೆ ಅಷ್ಟು ಬುದ್ಧಿ ಇಲ್ಲ, ಹೊತ್ತೂ ಇಲ್ಲ," ಎಂದ ಬೇಕರಿಯವನು ಟೀ ಊದುತ್ತಾ. "ನಮ್ಮ ಹುಡುಗಿ ಬೆಟ್ಟದ ಕಾಲೇಜು ಅಂತ ಹಠ ಹಿಡಿದಿದ್ದಾಳೆ. ಒಲೆ ಹೊಸದು ಹಾಕ್ಸೋಕೆ ಇಟ್ಟ ದುಡ್ಡು ತೆಗೀಬೇಕು. ಕೊಡೋದು ಸಾರ್ಥಕನಾ ಹೇಳಿ."

ಅಂದಾಜಣ್ಣ ಲೋಟ ಕೆಳಗಿಟ್ಟ. ಬೇಕರಿಯವನು ಮೂಲೆಯ ಕಡೆ ತಿರುಗಿದ.

"ಅರೆ, ನಿಮ್ಮ ಮಗನೂ ಅಲ್ಲೇ ಓದಿದ್ದಲ್ವಾ? ಏನಪ್ಪ, ನಿಂಗೆ ಹೇಗಾಯ್ತು?"

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅಂದಾಜಣ್ಣನ ಬಾಯಲ್ಲಿ ಮಾತು ಸಿದ್ಧವಿತ್ತು. 'ಅವನಿಗೆ ಚೆನ್ನಾಗೇ ಆಗಿತ್ತು, ಕೆಡಿಸಿದ್ದು ನಾನು.' ಎರಡು ವಾರದಿಂದ ಅವನು ಬಸ್ಸಿನಲ್ಲಿ ಕೂತು ಜೋಡಿಸಿಟ್ಟ ಮಾತು. ಅವನು ಗಂಟಲು ಸರಿಮಾಡಿಕೊಂಡ.

"ನಂಗೆ ಅಲ್ಲಿಂದ ಅಂಥಾ ಉಪಯೋಗ ಆಗ್ಲಿಲ್ಲ ಅಂಕಲ್," ಎಂದ ಮಗ ಬ್ರಷ್ಷು ನಿಲ್ಲಿಸದೆ. "ಕೆಲಸ ಸಿಕ್ಕಿತ್ತು, ನಂಗೇ ಹೊಂದಲಿಲ್ಲ."

"ನೋಡಿ ಮತ್ತೆ!" ಬೇಕರಿಯವನು ತೊಡೆ ತಟ್ಟಿದ. "ಇದನ್ನೇ ನಾನು ಮನೇಲಿ ಬಡ್ಕೊಳ್ತಿರೋದು. ಗಡಿಯಾರದ ಕಾಲೇಜೇ ಸಾಕು ಅಲ್ವಾ ಅಂದಾಜಣ್ಣ?"

ಅಂದಾಜಣ್ಣ ಮಗನ ಕಡೆ ನೋಡಿದ. ಮಗ ಶೂವಿನ ಹೊಳಪನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ.

"ಹೂಂ," ಎಂದ ಅಂದಾಜಣ್ಣ.

ಬೇಕರಿಯವನು ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ದೊಡ್ಡ ಭಾರ ಇಳಿದವನಂತೆ ಎದ್ದು, ಮುದುಕಿಗೆ ಕೈ ಮುಗಿದು ಹೊರಟ. ಸ್ಕೂಟರು ಹೋದ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು.

"ಯಾಕೋ ಹಾಗಂದೆ?" ಎಂದ ಅಂದಾಜಣ್ಣ.

"ಇನ್ನೇನನ್ಬೇಕಿತ್ತು ಅಪ್ಪ?" ಮಗ ಎರಡನೆಯ ಶೂ ಎತ್ತಿಕೊಂಡ. "ಹೊರಗಿನವರ ಮುಂದೆ."

ಮಗಳು ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಅಪ್ಪನನ್ನು ನೋಡಲಿಲ್ಲ, ಬೇಕರಿಯವನು ಕುಡಿದಿಟ್ಟ ಲೋಟ ತೆಗೆದುಕೊಂಡು ಒಳಗೆ ಹೋದಳು. ಹೆಂಡತಿ ಪರದೆಯ ದಾರ ಹಲ್ಲಿನಿಂದ ಕಡಿದು, "ಬೇಕರಿ ಎಂಟರವರೆಗೆ ತೆಗೆದಿರುತ್ತೆ," ಎಂದಳು, ಹೊಲಿಗೆಗೆ ಹೇಳಿದಂತೆ.

ಅಂದಾಜಣ್ಣ ಕುರ್ಚಿಯ ಕೈ ಹಿಡಿದು ಎದ್ದು ಚಪ್ಪಲಿ ಹುಡುಕಿದ.

"ಎಲ್ಲಿಗೋ ಈ ಹೊತ್ತಲ್ಲಿ?" ಎಂದಳು ಮುದುಕಿ.

"ಬೇಕರಿಗೆ."

"ಬ್ರೆಡ್ ಇದೆಯಲ್ಲೋ ಮನೇಲಿ."

ಅವನು ಬಾಗಿಲು ದಾಟಿದ. ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಾಗ ಒಳಗಿನಿಂದ ಮಗ, "ಅಪ್ಪ, ಬೇಡ," ಎಂದದ್ದು ಕೇಳಿಸಿತು. ಒಮ್ಮೆ ಮಾತ್ರ ಹೇಳಿದ. ಎದ್ದು ಬಂದು ತಡೆಯಲಿಲ್ಲ.